ಹಾರ್ಪಿಗೆ ಎಂಟೇ ಬೆರಳು

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದುದರಿಂದ ಅವಳು ಎಲ್ಲರಿಗೂ ಮಿಷನ್ ಅಕ್ಕ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವಳೂ ಅವಳೇ. ಯಾವ ವಸ್ತು ಸದ್ದು ಮಾಡಿದರೂ ಅದು ಎಲ್ಲಿಂದ ಬಂತೆಂದು ಬಗ್ಗಿ ನೋಡದೆ ಅವಳಿಗೆ ಸಮಾಧಾನವಿಲ್ಲ. ನೆಂಟರ ಮನೆಗೆ ಹೋದರೆ ಕಿರುಗುಟ್ಟುವ ಬಾಗಿಲ ಹಿಂದೆ ಹುಡುಕಬೇಕು ಅವಳನ್ನು.

ಐವತ್ತೆರಡರ ವಯಸ್ಸಿನಲ್ಲಿ ಅವಳು ಕ್ರಿಸ್‌ಮಸ್‌ಗೆಂದು ಒಂದು ಹಾಡು ಕಟ್ಟಿದಳು. ಹಾಡಲು ಚರ್ಚಿನ ಇಪ್ಪತ್ತು ಜನ, ಜೊತೆಗೆ ಹಾರ್ಪ್. ಆಳೆತ್ತರದ ಆ ತಂತಿವಾದ್ಯವನ್ನು ರೇಡಿಯೋದಲ್ಲಿ ಕೇಳಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಆರ್ಗನ್ ಮುಂದೆ ಕೂತು, ತನ್ನ ಕೈಗೆ ಒಗ್ಗಿದಂತೆ ಬರೆದು, ಊರಲ್ಲಿ ಹಾರ್ಪ್ ನುಡಿಸುತ್ತಿದ್ದ ಒಬ್ಬಳೇ ಒಬ್ಬಳಿಗೆ, ಕಣ್ಣಾಸ್ಪತ್ರೆಯ ನರ್ಸ್‌ಗೆ, ಹಾಳೆಗಳನ್ನು ಕಳಿಸಿದಳು. ಎರಡು ದಿನಕ್ಕೆ ಫೋನ್ ಬಂತು.

“ಅಕ್ಕ, ಹಾಡೇನೋ ಚೆನ್ನಾಗಿದೆ. ಆದ್ರೆ ಇದಕ್ಕೆ ಹತ್ತು ಬೆರಳು ಬೇಕು. ನಮಗಿರೋದು ಎಂಟೇ.”

ಎಂಟೇ ಯಾಕೆ ಎಂದು ಕೇಳಲು ಅಕ್ಕನಿಗೆ ಸಂಕೋಚ. ನಾಲಿಗೆ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಫೋನ್ ಇಟ್ಟಳು.

“ಪಾಪ, ಎರಡು ಬೆರಳು ಹೋಗಿದೆಯಂತೆ. ಬಾಗಿಲಿಗೆ ಸಿಕ್ಕಿರಬೇಕು,” ಎಂದು ತಂಗಿಯೆದುರು ಮರುಗಿದಳು.

“ಯಾವ ಬಾಗಿಲೋ?” ಎಂದಳು ತಂಗಿ. “ಹೋಗಿ ಕೇಳಬಾರದಾ?”

ಮರುದಿನ ಸಂಜೆ ನರ್ಸ್ ಬಾಗಿಲು ತೆರೆದದ್ದೇ ತಡ, ಅಕ್ಕನ ಕಣ್ಣು ಅವಳ ಕೈಗೆ ಹೋಯಿತು.

“ಹತ್ತೂ ಇವೆಯಲ್ಲಮ್ಮ!”

ನರ್ಸ್ ಬಿದ್ದು ಬಿದ್ದು ನಕ್ಕಳು. “ಇವೆ ಅಕ್ಕ! ಹಾರ್ಪ್ ನುಡಿಸೋವಾಗ ಕಿರುಬೆರಳಿಗೆ ಕೆಲಸ ಇಲ್ಲ. ಗಿಡ್ಡ ನೋಡಿ, ಅದಕ್ಕೆ ಯಾವಾಗಲೂ ರಜ.”

ಅಕ್ಕ ಚಪ್ಪಲಿ ಬಿಟ್ಟವಳೇ ಹಾರ್ಪಿನ ಬುಡದಲ್ಲಿ ಅಂಗಾತ ಮಲಗಿಬಿಟ್ಟಳು. ಅಲ್ಲಿ ಏಳು ಪೆಡಲುಗಳಿದ್ದವು.

“ಒಂದ್ಸಲ ಒತ್ತಮ್ಮ.”

ಒತ್ತಿದಾಗ ಮೇಲೆಲ್ಲೋ ಟಿಕ್ ಎಂದಿತು. ಎದ್ದು ಕುರ್ಚಿ ಹತ್ತಿ ನೋಡಿದರೆ, ಪುಟ್ಟ ಬಿಲ್ಲೆಯೊಂದು ತಿರುಗಿ ತಂತಿಯನ್ನು ಬಿಗಿಹಿಡಿದಿತ್ತು. ಆ ತಂತಿಯನ್ನು ತಾನೇ ಮೀಟಿದಳು. ಬೆರಳು ತೆಗೆದಮೇಲೂ ಅದು ಗುಂಯ್ಗುಡುತ್ತಲೇ ಇತ್ತು. ಆರ್ಗನ್ನಿನಲ್ಲಿ ಬೆರಳೆತ್ತಿದರೆ ಸದ್ದು ಮುಗಿಯುತ್ತದೆ. ಇಲ್ಲಿ ಬೆರಳು ಬಿಟ್ಟಮೇಲೆಯೇ ಶುರು. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮನೆಗೆ ಬಂದು ಅರ್ಧಕ್ಕರ್ಧ ಸ್ವರ ಹೊಡೆದುಹಾಕಿದಳು. ಪ್ರತಿ ಸಾಲಿನ ಕೊನೆಗೆ ತಂತಿ ತಾನಾಗಿ ತಣ್ಣಗಾಗಲು ಜಾಗ ಬಿಟ್ಟಳು.

ಕ್ರಿಸ್‌ಮಸ್ ದಿನ ಹಾಡುವವರು ನಿಲ್ಲಿಸಿದಮೇಲೆ ಹಾರ್ಪಿನ ಒಂದೇ ಸ್ವರ ಉಳಿಯಿತು. ಯಾರೂ ಕೆಮ್ಮಲಿಲ್ಲ. ಆಮೇಲೆ ಜನ ಕೈಕುಲುಕಲು ಬಂದರೆ, ಅಕ್ಕ ತಂಗಿಯ ತೋಳು ಹಿಡಿದುಕೊಂಡು ಕೇಳುತ್ತಿದ್ದಳು:

“ಆ ಕೊನೇದು ಯಾವಾಗ ನಿಂತ್ಹೋಯ್ತು, ನಿಂಗೇನಾದ್ರೂ ಗೊತ್ತಾಯ್ತಾ?”

“ಇಲ್ವಲ್ಲೇ.”

“ನಂಗೂ ಗೊತ್ತಾಗ್ಲಿಲ್ಲ ಕಣೇ!”