ಉಪವಾಸದ ಮನೆಯಲ್ಲಿ ಕೇಳಿದ ಪ್ರಶ್ನೆ

ಮನೆಮನೆಗೆ ಹೋಗಿ ಊಟ-ತಿಂಡಿಯ ಬಗ್ಗೆ ಸಲಹೆ ಕೊಡುವ ಸಹಾಯಕಿಯರಿಗೆ ನಾನು ಡಲ್ಲಾಸ್ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ತರಬೇತಿ ಕೊಡುತ್ತೇನೆ. ಉತ್ತರವನ್ನು ನೀವೇ ರೋಗಿಯ ಬಾಯಿಗೆ ತುರುಕಬೇಡಿ ಎಂಬುದು ನನ್ನ ಮೊದಲ ಪಾಠ. ‘ನಿನ್ನೆ ಏನು ತಿಂದಿರಿ?’ ಎಂದಷ್ಟೇ ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಈ ವಿಷಯದಲ್ಲಿ ನಾನು ಮಹಾ ಹಟಮಾರಿ.

ಕಳೆದ ಬ್ಯಾಚಿನಲ್ಲಿ ಹುಬ್ಬಳ್ಳಿಯ ಒಬ್ಬಾಕೆ ಇದ್ದರು. ಇಲ್ಲೇ ಹತ್ತಿರದ ಫ್ಲವರ್ ಮೌಂಡ್‌ನಲ್ಲಿ ಮನೆ. ಹನ್ನೆರಡು ವರ್ಷ ಮನೆಯಲ್ಲೇ ಇದ್ದು ಈಗ ಕೆಲಸಕ್ಕೆ ಹೊರಟವರು, ಬಾಯಿ ಬಲು ಜೋರು. ಮೊದಲ ಪರೀಕ್ಷೆಯಲ್ಲಿ “ತುಪ್ಪ ಹಾಕ್ಕೊಂಡಿರಬೇಕಲ್ರಿ?” ಎಂದು ಕೇಳಿದ್ದಕ್ಕೆ ನಾನೇ ಫೇಲ್ ಮಾಡಿದ್ದೆ. ಎರಡನೆಯದೇ ಕೊನೆಯದು, ಅದೂ ಹೋದರೆ ಕೆಲಸವಿಲ್ಲ.

ಆ ಪರೀಕ್ಷೆಗೆ ಇಬ್ಬರೂ ಫ್ರಿಸ್ಕೋದ ಒಬ್ಬ ಮೈಸೂರಿನ ಆಂಟಿಯ ಮನೆಗೆ ಹೋದೆವು. ಆಂಟಿಗೆ ಶುಗರ್. ಶನಿವಾರ, ಏಕಾದಶಿ ಉಪವಾಸ ತಪ್ಪಿಸುವವರಲ್ಲ. ಉಪವಾಸ ಬಿಡಿ ಎಂದು ಆರು ತಿಂಗಳಿಂದ ನಾನು ಹೇಳುತ್ತಲೇ ಇದ್ದೆ, ಅವರು ಮುಖ ಗಂಟಿಕ್ಕುತ್ತಲೇ ಇದ್ದರು. ಶುಗರ್ ಮಾತ್ರ ಇಳಿದಿರಲಿಲ್ಲ.

“ನಿನ್ನೆ ಏನ್ ತಿಂದ್ರಿ ಆಂಟಿ?” ಎಂದು ಆಕೆ ಕೇಳಿದರು.

“ನಿನ್ನೆ ಏಕಾದಶಿ ಕಣಮ್ಮ. ಏನೂ ತಿಂದಿಲ್ಲ.”

ನಾನಾಗಿದ್ದರೆ ‘ಏನೂ ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಎಷ್ಟೋ ಸಲ ಹಾಗೆಯೇ ಬರೆದಿದ್ದೆ ಕೂಡ. ಆಕೆ ಬರೆಯಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಕೇಳಿಯೇಬಿಟ್ಟರು.

“ಫಳಾರಕ್ಕ ಏನ್ ಮಾಡ್ಕೊಂಡಿದ್ರಿ?”

ಆಂಟಿಯ ಮುಖ ಅರಳಿತು. “ಅಯ್ಯೋ, ಸ್ವಲ್ಪ ಅವಲಕ್ಕಿ ಉಪ್ಪಿಟ್ಟು. ಎರಡು ಬಾಳೆಹಣ್ಣು. ಸಂಜೆ ಸಬ್ಬಕ್ಕಿ ಪಾಯಸ, ದೇವರಿಗೆ ಇಟ್ಟಿದ್ದು, ಬಿಸಾಡಕ್ಕಾಗತ್ತಾ? ಆಮೇಲೆ ಮತ್ತೆ ಅವಲಕ್ಕಿ.”

ನನಗೆ ನಾಚಿಕೆಯಾಯಿತು. ನಮ್ಮಮ್ಮನೂ ಹೀಗೆಯೇ ಉಪವಾಸ ಮಾಡುತ್ತಿದ್ದರು. ಆ ಅವಲಕ್ಕಿಗೆ ಮೊದಲು ಕೈಚಾಚುತ್ತಿದ್ದವಳು ನಾನೇ. ಓದಿ ಓದಿ ಅದನ್ನೆಲ್ಲ ಮರೆತಿದ್ದೆ.

“ಉಪವಾಸ ಬಿಡಬ್ಯಾಡ್ರಿ,” ಎಂದರು ಆಕೆ. “ಪಾಯಸ ಪ್ರಸಾದದಷ್ಟ ತಗೋರಿ. ಅವಲಕ್ಕಿ ಒಂದ ಹೊತ್ತು ಸಾಕು. ಇನ್ನೊಂದ ಹೊತ್ತಿಗೆ ಶೇಂಗಾ, ಮಜ್ಜಿಗಿ ಆಗ್ತದಲ್ರಿ?”

“ಅದಕ್ಕೇನಮ್ಮ, ಆಗತ್ತೆ,” ಎಂದರು ಆಂಟಿ. ನನಗೆ ಒಂದು ಸಲವೂ ಹಾಗೆ ಹೇಳಿದವರಲ್ಲ.

ಕಾರಿನಲ್ಲಿ ಕೂತ ಮೇಲೆ ಆಕೆಯ ಜೋರು ಬಾಯಿ ಸಣ್ಣದಾಯಿತು. “ಮತ್ತ ಫೇಲ್ ಏನ್ರಿ ಮೇಡಂ?”

ಪರೀಕ್ಷೆಯ ಹಾಳೆಯಲ್ಲಿ ‘ಉತ್ತರ ಸೂಚಿಸುವ ಪ್ರಶ್ನೆ ಕೇಳಿದರೇ?’ ಎಂಬ ಸಾಲಿತ್ತು. ‘ಹೌದು’ ಎಂದು ಬರೆದೆ. ಅದರ ಕೆಳಗೆ, ‘ಈ ಪ್ರಶ್ನೆ ನಾನು ಆರು ತಿಂಗಳ ಹಿಂದೆಯೇ ಕೇಳಬೇಕಿತ್ತು. ಪಾಸ್’ ಎಂದು ಸೇರಿಸಿ, ಸಹಿ ಹಾಕಿ ಆಕೆಯ ಕೈಗೆ ಕೊಟ್ಟೆ.