ಚನ್ನವೀರಯ್ಯನವರ ತೂಕಕ್ಕೆ ವಜಾ

ತುಮಕೂರಿನ ಮಂಡಿಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಚನ್ನವೀರಯ್ಯನವರು ತಮ್ಮನ್ನು ದಪ್ಪ ಎಂದು ಎಂದೂ ಭಾವಿಸಿದವರಲ್ಲ. ಅವರ ಪ್ರಕಾರ ಅವರದು ತುಂಬಿದ ಮೈ. ಮಂಡಿ ಯಜಮಾನ ಅಂದಮೇಲೆ ಬೀದಿಯ ಆ ತುದಿಯಿಂದಲೇ ಕಾಣಬೇಕು, ಕೂತರೆ ಗಾದಿ ತಗ್ಗಬೇಕು. ಸಣಕಲ ಯಜಮಾನನನ್ನು ನಂಬಿ ಯಾವ ರೈತ ಚೀಲ ಇಳಿಸುತ್ತಾನೆ ಎಂಬುದು ಅವರ ವಾದ. ವಾದಕ್ಕೆ ಆಧಾರವಾಗಿ ಗಾದಿಯ ಮೇಲಿನ ಗೋಡೆಯಲ್ಲಿ ಅವರ ತಂದೆಯ ಫೋಟೋ ಇತ್ತು. ಆ ಫೋಟೋದ ಚೌಕಟ್ಟಿನಲ್ಲಿ ತಂದೆಯ ಎರಡೂ ಭುಜಗಳು ಹಿಡಿಸಿರಲಿಲ್ಲ.

ಈ ನಂಬಿಕೆ ಅಲುಗಿದ್ದು ತೊಂಬತ್ತೊಂಬತ್ತನೇ ಇಸವಿಯಲ್ಲಿ, ದೀಪಾವಳಿ ಕಳೆದ ಮೇಲೆ, ಗುಬ್ಬಿಯಲ್ಲಿ. ಮಗಳು ರೂಪಶ್ರೀಯನ್ನು ಅಲ್ಲಿನ ಸದಾಶಿವಯ್ಯನವರ ಮಗ ಉದಯಕುಮಾರನಿಗೆ ಕೊಡುವುದೆಂದು ನಿಶ್ಚಯವಾಗಿ, ಶಾಸ್ತ್ರ ಮುಗಿದು, ಬೀಗರ ಮನೆಯ ಪಡಸಾಲೆಯಲ್ಲಿ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತರು. ಕೂರುವುದೇನೋ ಆಯಿತು. ಊಟವೂ ಆಯಿತು, ಅದು ಚೆನ್ನಾಗಿಯೇ ಆಯಿತು. ಎಲ್ಲರೂ ಎದ್ದು ಕೈ ತೊಳೆದು ಬಂದರೂ ಚನ್ನವೀರಯ್ಯನವರು ಇನ್ನೂ ಕೂತೇ ಇದ್ದರು. ಏಳಬೇಕೆಂದು ಅವರು ಎರಡು ಸಲ ತೀರ್ಮಾನಿಸಿದ್ದರು, ಮಂಡಿಗಳು ಒಪ್ಪಿರಲಿಲ್ಲ. ಶಾಸ್ತ್ರದ ತಟ್ಟೆ ಹೊರಲೆಂದು ತುಮಕೂರಿನಿಂದ ಜೊತೆಗೆ ಬಂದಿದ್ದ ಅವರದೇ ಅಂಗಡಿಯ ಇಬ್ಬರು ಹಮಾಲಿಗಳು ಪರಿಸ್ಥಿತಿ ಗಮನಿಸಿ ಎರಡೂ ಕಂಕುಳಿಗೆ ಕೈ ಕೊಟ್ಟರು. ಚೀಲ ಎತ್ತುವ ಅಭ್ಯಾಸಬಲದಿಂದ ಒಬ್ಬ “ಐಸಾ” ಅಂದುಬಿಟ್ಟ. ಹೊಸ ಬೀಗರ ಕಡೆಯವರು ಸಭ್ಯಸ್ಥರು. ನಗದೆ ಗೋಡೆ ನೋಡಿದರು.

ಅಷ್ಟಕ್ಕೇ ಮುಗಿದಿದ್ದರೆ ಚನ್ನವೀರಯ್ಯನವರು ಅದನ್ನು ನೆಲದ ತಪ್ಪು ಎಂದು ಬಿಡುತ್ತಿದ್ದರು. ಆದರೆ ಎಲೆಅಡಿಕೆ ಹಾಕಿಕೊಳ್ಳುತ್ತ ಸದಾಶಿವಯ್ಯನವರು ತಮ್ಮ ಮನೆತನದ ಒಂದು ಪದ್ಧತಿ ತಿಳಿಸಿದರು.

“ನಮ್ಮಲ್ಲಿ ಮದ್ವೆ ದಿನ ಸ್ವಾಮಿಗಳ ಪಾದಪೂಜೆ ಹೆಣ್ಣಿನ ತಂದೇನೇ ಮಾಡ್ಬೇಕು ಬೀಗ್ರೆ. ನೆಲದ ಮೇಲೆ ಕೂತು ಪಾದ ತೊಳ್ದು, ಆ ನೀರಿನ ಬಟ್ಲು ಎರಡೂ ಕೈಲಿ ಹಿಡ್ಕೊಂಡು ಹಂಗೇ ಎದ್ದು, ಗಂಡು ಹೆಣ್ಣಿಗೆ ತಂದ್ಕೊಡ್ಬೇಕು. ನೆಲಕ್ಕೆ ಇಡಂಗಿಲ್ಲ, ಇನ್ನೊಬ್ರು ಕೈಗೆ ಕೊಡಂಗಿಲ್ಲ. ತಾತನ ಕಾಲದಿಂದ ನಡ್ಕೊಂಡ್ ಬಂದೈತೆ.”

ಮದುವೆ ವೈಶಾಖಕ್ಕೆ. ವಾಪಸು ಹೊರಟ ವ್ಯಾನು ತುಮಕೂರಿನ ಉಪ್ಪಾರಹಳ್ಳಿಯ ಮನೆ ಹತ್ತಿರ ಬಂದಾಗ ರೂಪಶ್ರೀ ಕಿಟಕಿಯಿಂದ ಆಚೆ ನೋಡುತ್ತಲೇ ಕೇಳಿದಳು.

“ಅಪ್ಪಾ, ಮದ್ವೆ ದಿನಾನೂ ಹಮಾಲಿಗಳನ್ನ ಕರೀತೀರಾ?”

“ಅವತ್ತು ಕಾಲು ಜೋಮು ಹಿಡಿದಿತ್ತು ಕಣಮ್ಮ.”

“ಅವತ್ತಲ್ಲಪ್ಪ, ಇವತ್ತು.”

ಹೀಗೆ ಚನ್ನವೀರಯ್ಯನವರು ತೂಕ ಇಳಿಸುವ ಕಾರ್ಯಕ್ಕೆ ಕೈಹಾಕಿದರು. ಅವರು ಯಾವ ಕೆಲಸವನ್ನೂ ಗುಟ್ಟಾಗಿ ಮಾಡುವವರಲ್ಲ. ಮಂಡಿಪೇಟೆಗೆಲ್ಲ ಹೇಳಿದರು, ಮಂಡಿಪೇಟೆ ಸಲಹೆ ಕೊಟ್ಟಿತು. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ ಅಂತ ಒಬ್ಬರು, ಹಾಗಲಕಾಯಿ ರಸ ಅಂತ ಇನ್ನೊಬ್ಬರು. ಕುಣಿಗಲ್ಲಿನಲ್ಲಿದ್ದ ಅಕ್ಕ ಶಕುಂತಲಮ್ಮ ಹುರುಳಿಕಾಳು ಬೇಯಿಸಿದ ನೀರು ಕುಡಿಯಲು ಫೋನಿನಲ್ಲಿ ಹೇಳಿ, ಬಸ್ಸಿನಲ್ಲಿ ಒಂದು ಚೀಲ ಹುರುಳಿಯನ್ನೂ ಕಳಿಸಿದರು. ಚನ್ನವೀರಯ್ಯನವರು ಎಲ್ಲವನ್ನೂ ಶ್ರದ್ಧೆಯಿಂದ ಪಾಲಿಸಿದರು. ಜೇನುತುಪ್ಪ, ಹಾಗಲಕಾಯಿ, ಹುರುಳಿ ಎಲ್ಲ ಹೊಟ್ಟೆ ಸೇರಿದವು. ಆಮೇಲೆ ಎಂದಿನ ಮುದ್ದೆ, ಎಂದಿನ ಅನ್ನವೂ ಸೇರಿದವು. ಊಟದ ಬದಲು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ವಾಕಿಂಗೂ ಶುರುವಾಯಿತು. ಬಿಳಿ ಕ್ಯಾನ್ವಾಸ್ ಶೂ, ಪಂಚೆ, ಮಂಕಿಕ್ಯಾಪು ಹಾಕಿ ಜೂನಿಯರ್ ಕಾಲೇಜು ಮೈದಾನಕ್ಕೆ ಬೆಳಿಗ್ಗೆಯೇ ಹೋಗಿ, ಗೊತ್ತಿದ್ದವರು ಸಿಕ್ಕಲ್ಲೆಲ್ಲ ನಿಂತು ನಡಿಗೆಯ ಪ್ರಯೋಜನಗಳನ್ನು ವಿವರಿಸುತ್ತಿದ್ದರು. ತುಮಕೂರಿನಲ್ಲಿ ಅವರಿಗೆ ಗೊತ್ತಿಲ್ಲದವರು ಕಡಿಮೆ. ಹೀಗೆ ದಣಿದ ಮೇಲೆ ಎರಡು ತಟ್ಟೆ ಇಡ್ಲಿ ಬೆಣ್ಣೆ ಹಾಕಿಸಿ ತಿನ್ನುವುದು ನ್ಯಾಯವೇ ಆಗಿತ್ತು.

ಪಕ್ಕದ ಅಂಗಡಿ ಸರ್ದಾರ್ ಪಾಷಾ ಅವರದು. ಗೋಣಿಚೀಲದ ವ್ಯಾಪಾರ. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಕಟ್ಟೆಯ ಮೇಲೆ ಟೀ ಕುಡಿದವರು. ಪಾಷಾರ ಮಗಳು ಅಸ್ಫಿಯಾ ಎಂಬಿಬಿಎಸ್ ಮುಗಿಸಿ ಆ ವರ್ಷವೇ ಕ್ಲಿನಿಕ್ ತೆರೆದಿದ್ದಳು. ಪಾಷಾ ಗೆಳೆಯನನ್ನು ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದರು. ತಾವು ಎತ್ತಿ ಆಡಿಸಿದ ಹುಡುಗಿಯ ಮುಂದೆ ತೂಕದ ಯಂತ್ರ ಹತ್ತಬೇಕಾಗಿ ಬಂದದ್ದು ಚನ್ನವೀರಯ್ಯನವರಿಗೆ ಹಿಡಿಸಲಿಲ್ಲ. ಯಂತ್ರ ತೊಂಬತ್ತಾರು ಎಂದು ತೋರಿಸಿತು.

“ಅಂಕಲ್, ಕಷಾಯ ಗಿಷಾಯ ಏನೂ ಬೇಡ,” ಎಂದಳು ಅಸ್ಫಿಯಾ. “ಚಿಕ್ಕ ತಟ್ಟೆ ಇಟ್ಕೊಳ್ಳಿ. ಅರ್ಧ ತಟ್ಟೆ ತರಕಾರಿ ಸೊಪ್ಪು, ಒಂದು ಚಿಕ್ಕ ಮುದ್ದೆ, ಅನ್ನ ಒಂದು ಸೌಟು. ಎರಡನೇ ಸಲ ಬಡಿಸ್ಕೋಬೇಡಿ. ನಡೆಯೋವಾಗ ನಿಂತು ಭಾಷಣ ಮಾಡ್ಬೇಡಿ. ದಿನಕ್ಕೊಂದಷ್ಟು ಸಲ ಕುರ್ಚಿಯಿಂದ ಕೈ ಊರದೆ ಏಳಿ, ಮಂಡಿಗೆ ಬಲ ಬರುತ್ತೆ. ವಾರಕ್ಕೊಂದು ಸಲ, ಒಂದೇ ತಕ್ಕಡಿ, ಒಂದೇ ಹೊತ್ತಲ್ಲಿ ತೂಕ ನೋಡ್ಕೊಳ್ಳಿ. ನಿಧಾನವಾಗಿ ಇಳಿಯುತ್ತೆ, ಅವಸರ ಬೇಡ.”

“ಇಷ್ಟೇನಾ?” ಎಂದರು ಚನ್ನವೀರಯ್ಯ, ಕೊಂಚ ನಿರಾಶೆಯಿಂದ. ಡಾಕ್ಟರು ಅಂದಮೇಲೆ ಒಂದು ಮಾತ್ರೆಯಾದರೂ ಇರಬೇಕಿತ್ತು.

ಅಷ್ಟೂ ಸಲಹೆಗಳಲ್ಲಿ ಅವರ ಮನಸ್ಸಿಗೆ ಹಿಡಿದದ್ದು ತಕ್ಕಡಿಯದೊಂದೇ. ತಕ್ಕಡಿಯ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಅಂಗಡಿಯಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು, ವರ್ಷ ವರ್ಷ ಸರ್ಕಾರದ ಮುದ್ರೆ ಬೀಳುತ್ತಿತ್ತು. ಪ್ರತಿ ಸೋಮವಾರ ಬಾಗಿಲು ತೆಗೆದ ಮೇಲೆ ಅದರ ಹಲಗೆಯ ಮೇಲೆ ನಿಲ್ಲುವರು, ಪಾಷಾ ಮುಳ್ಳು ನೋಡಿ ಹೇಳುವರು.

ಇನ್ನು ಮಂಡಿಯ ಪದ್ಧತಿ ಗೊತ್ತಲ್ಲ. ರೈತ ತಂದ ಚೀಲ ತೂಗಿದ ತೂಕವೇ ಸರಕಿನ ತೂಕವಲ್ಲ. ಗೋಣಿಗಿಷ್ಟು, ತೇವಕ್ಕಿಷ್ಟು, ಬೀಜ ಕಸಕಡ್ಡಿಗಿಷ್ಟು ಎಂದು ವಜಾ ಮಾಡಿ, ಉಳಿದದ್ದಕ್ಕೆ ಬೆಲೆ. ಅಪ್ಪನ ಕಾಲದಿಂದ ಆ ಗಾದಿಯಲ್ಲಿ ವಜಾ ಇಲ್ಲದ ತೂಕ ಎಂಬುದೇ ಇರಲಿಲ್ಲ. ಚನ್ನವೀರಯ್ಯನವರು ತಮ್ಮ ವಿಷಯದಲ್ಲೂ ಪದ್ಧತಿ ಬಿಡಲಿಲ್ಲ.

“ತೊಂಬತ್ತಾರು,” ಅಂದರು ಪಾಷಾ.

“ಪಂಚೆ, ಕೋಟು ಒಂದೂವರೆ ಕೆಜಿ ತೆಗಿ. ಗೋಡೌನ್ ಬೀಗದಕೈ ಗೊಂಚಲು ಅರ್ಧ.”

“ಕರಡಿಗೆ?”

“ಲಿಂಗದ ಬೆಳ್ಳಿ ಕರಡಿಗೆ ನನ್ ಮೈಯೇನಲಾ? ಅದನ್ನೂ ತೆಗಿ. ಬೆಳಿಗ್ಗೆ ಉಪ್ಪಿಟ್ಟು ತಿಂದಿದೀನಿ, ಅದಿನ್ನೂ ಮೈಗೆ ಸೇರಿಲ್ಲ. ಲಾರಿ ಮೇಲಿರೋ ಸರಕು, ಗೋಡೌನಿಗೆ ಇಳಿದಿಲ್ಲ. ಮಜ್ಜಿಗೆ ಎರಡು ಲೋಟ, ಅದು ತೇವ.”

“ತೊಂಬತ್ತೆರಡು ಮಾಡಾಣ ಬುಡು ಚನ್ನವೀರಣ್ಣ,” ಅಂದರು ಪಾಷಾ. ಗೆಳೆಯನ ಸಂತೋಷಕ್ಕೆ ಅಡ್ಡ ಬರುವವರಲ್ಲ ಅವರು. ತೂಗುವುದೂ ಅವರ ಸರಕಲ್ಲ.

ವಾರ ವಾರಕ್ಕೂ ವಜಾದ ಬಾಬತ್ತುಗಳು ಬೆಳೆದವು. ಚಳಿಗಾಲಕ್ಕೆ ಸ್ವೆಟರು ಸೇರಿತು. ಅವರೆಕಾಳಿನ ಕಾಲ ಬಂದಾಗ ಹಿಂದಿನ ದಿನದ ಹಿದಿಕಿದವರೆ ಸಾರೂ ಸೇರಿತು. ಸಂಕ್ರಾಂತಿ ಹೊತ್ತಿಗೆ ಚನ್ನವೀರಯ್ಯನವರು ತಮ್ಮ ಲೆಕ್ಕದಲ್ಲಿ ಎಂಬತ್ತೈದಕ್ಕೆ ಇಳಿದಿದ್ದರು, ಮಂಡಿಪೇಟೆಯಲ್ಲಿ ಇತರ ದಪ್ಪ ಯಜಮಾನರನ್ನು ಕರೆದು ಬುದ್ಧಿ ಹೇಳುತ್ತಿದ್ದರು. ಮನಸ್ಸು ಗಟ್ಟಿ ಇರಬೇಕು, ನಾಲಗೆ ಕೈಯಲ್ಲಿರಬೇಕು ಎನ್ನುತ್ತಿದ್ದರು. ಪಂಚೆ ಮಾತ್ರ ಮೊದಲಿಗಿಂತ ಗಿಡ್ಡವಾಗುತ್ತಿತ್ತು. ಅದಕ್ಕೆ ಅಗಸ ಕಾರಣ ಎಂದು ಅವರು ತಿಳಿದಿದ್ದರು.

“ಎಂಬತ್ತೈದು ಆದೋರು ನಮ್ಮನೆ ಮಂಚದ ಮೇಲೆ ಯಾಕ್ ಮಲಗ್ತಿಲ್ಲ?” ಎಂದು ಹೆಂಡತಿ ಗಂಗಾಂಬಿಕೆ ಒಂದು ದಿನ ಕೇಳಿದರು. “ಮಲಗ್ತಿರೋರು ಹಳೇಬ್ರೇ ಇದ್ದಂಗವ್ರೆ.”

ಕ್ಲಿನಿಕ್ಕಿಗೆ ಚನ್ನವೀರಯ್ಯನವರು ಪಾಷಾರನ್ನೂ ಕರೆದುಕೊಂಡು ಶಹಬಾಸ್ ಅನ್ನಿಸಿಕೊಳ್ಳಲೆಂದೇ ಹೋದರು. ಅಸ್ಫಿಯಾಳ ಯಂತ್ರ ತೊಂಬತ್ತೇಳು ತೋರಿಸಿತು.

“ನಿನ್ ಮೆಷಿನ್ ರಿಪೇರಿಗೆ ಬಂದೈತೆ ಕಣಮ್ಮ. ನಮ್ಮದಕ್ಕೆ ಸರ್ಕಾರದ ಮುದ್ರೆ ಐತೆ.”

ಅಸ್ಫಿಯಾ ಅಪ್ಪನ ಮುಖ ನೋಡಿದಳು. ಪಾಷಾ ಗೋಡೆಯ ಮೇಲಿದ್ದ ಮಗುವಿನ ಕ್ಯಾಲೆಂಡರ್ ನೋಡಿದರು. ಎರಡು ಪ್ರಶ್ನೆಗೆ ವಿಷಯ ಹೊರಬಂತು. ಅವಳು ನಗಲಿಲ್ಲ.

“ಅಂಕಲ್, ನೀವು ತೂಕ ಇಳಿಸಿಲ್ಲ. ವಜಾ ಮಾಡಿದೀರಿ ಅಷ್ಟೇ. ಕಾಲಿನ ಮಂಡಿಗೆ ನಿಮ್ಮ ವಜಾ ಗೊತ್ತಾಗಲ್ಲ. ಅಲ್ಲಿ ಮಂಟಪದಲ್ಲಿ ನೀವು ಏಳೋವಾಗ ಅದು ಪಂಚೆ, ಕರಡಿಗೆ, ಉಪ್ಪಿಟ್ಟು ಎಲ್ಲಾ ಸೇರಿಸೇ ಎತ್ತಬೇಕು. ನನಗೆ ಚೀಲ ಸಮೇತ ತೂಕ ಬೇಕು.”

ಮಂಡಿಪೇಟೆಯಲ್ಲಿ ಇಷ್ಟು ವರ್ಷ ಯಾವ ರೈತನೂ ಅವರಿಗೆ ಹೀಗೆ ಹೇಳಿರಲಿಲ್ಲ. ಹೇಳಿದ್ದರೂ ಅವರು ಕೇಳಿಸಿಕೊಂಡಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ನೀರು ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನೆಲದಿಂದ ಏಳಲು ಪ್ರಯತ್ನಿಸಿದರು. ಸ್ವಲ್ಪ ಹೊತ್ತಿನ ಮೇಲೆ ರೂಪಶ್ರೀ ಬಂದು ನೆಲ ಒರೆಸಿದಳು. ಬಟ್ಟಲಿಗೆ ಮತ್ತೆ ನೀರು ತುಂಬಿಟ್ಟು ಹೋದಳು. ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

ನಿಜವಾದ ಪಥ್ಯ ಶುರುವಾದದ್ದು ಅಂದಿನಿಂದ. ಅದರಲ್ಲಿ ದೊಡ್ಡ ಅಡ್ಡಿ ಹಸಿವಲ್ಲ, ತಟ್ಟೆ. ಅವರ ಮನೆಯಲ್ಲಿ ಊಟವೆಂದರೆ ಪ್ರಸಾದ; ತಟ್ಟೆಗೆ ಬಿದ್ದದ್ದು ಒಂದಗುಳೂ ಉಳಿಯಬಾರದು, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಈ ನಿಯಮ ಪಾಲಿಸುವುದರಲ್ಲಿ ಚನ್ನವೀರಯ್ಯನವರಿಗೆ ಊರಲ್ಲೇ ಹೆಸರಿತ್ತು. ಗಂಗಾಂಬಿಕೆಯವರು ಪಾತ್ರೆ ಖಾಲಿ ಮಾಡಲೆಂದು ಬಡಿಸುವರು, ಇವರು ತಟ್ಟೆ ಖಾಲಿ ಮಾಡಲೆಂದು ಉಣ್ಣುವರು. ಮೂವತ್ತು ವರ್ಷದ ಸಂಸಾರ ಹೀಗೆ ಸುಗಮವಾಗಿ ನಡೆದಿತ್ತು.

“ತಟ್ಟೇಲಿ ಬಿಡಬಾರದು ಅಂತ ಅಲ್ವಾ ಇರೋದು,” ಎಂದರು ಗಂಗಾಂಬಿಕೆ, ಯೋಚಿಸಿ. “ತಟ್ಟೆಗೆ ಹಾಕಿಸ್ಕೊಳ್ಳಲೇಬೇಕು ಅಂತ ಎಲ್ಲೈತೆ? ಬೀಳೋಕ್ ಮುಂಚೆ ಕೈ ಅಡ್ಡ ಇಡಿ. ನಾನೂ ಅಳೆದು ಬೇಯಿಸ್ತೀನಿ.”

ಅಂಗೈ ತಟ್ಟೆಗೆ ಅಡ್ಡ ಇಡುವುದು ಕೇಳಲು ಸಣ್ಣ ಕೆಲಸ. ಮೊದಮೊದಲು ಚನ್ನವೀರಯ್ಯನವರ ಕೈ ಅಡ್ಡ ಬರುವ ಹೊತ್ತಿಗೆ ಅನ್ನ ಬಿದ್ದಾಗಿರುತ್ತಿತ್ತು. ಕೈಗೆ ಅಷ್ಟು ಅವಸರವಿರಲಿಲ್ಲ. ಆಮೇಲೆ ರೂಢಿಯಾಯಿತು. ಮೈದಾನದಲ್ಲಿ ಗೊತ್ತಿದ್ದವರು ಸಿಕ್ಕರೆ ಕೈ ಎತ್ತಿ ಮುಂದೆ ಹೋದರು, ಏನೋ ಜಗಳವಾಗಿದೆ ಎಂದು ಇಬ್ಬರು ಮನೆಗೇ ವಿಚಾರಿಸಲು ಬಂದರು. ತಟ್ಟೆ ಇಡ್ಲಿ ಹೋಟೆಲಿನ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಮನೆಗೆ ಬಂದರು. ಗಿರಾಕಿಗಳಿಲ್ಲದಾಗ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಅದನ್ನು ಕಂಡ ಒಬ್ಬ ರೈತ, ಯಜಮಾನರು ತನಗೆ ಎದ್ದು ನಿಂತು ಮರ್ಯಾದೆ ಕೊಡುತ್ತಿದ್ದಾರೆಂದು ತಾನೂ ಕೈ ಮುಗಿದ. ಸೋಮವಾರ ಪಾಷಾ ಮುಳ್ಳು ನೋಡಿ ಹೇಳಿದ್ದೇ ತೂಕ. ಅದು ಇಳಿದರೂ ಬಹಳ ಜಿಪುಣತನದಿಂದ ಇಳಿಯುತ್ತಿತ್ತು. ಎರಡು ವಾರ ಅಲುಗಲೇ ಇಲ್ಲ.

ಯುಗಾದಿಯ ಮಾರನೇ ದಿನ ಗುಬ್ಬಿಯ ಬೀಗರು ಊಟಕ್ಕೆ ಕರೆದರು. ಸದಾಶಿವಯ್ಯನವರು ತಾವೇ ಹೋಳಿಗೆಯ ತಟ್ಟೆ ಹಿಡಿದು ಬಂದರು. ಒಂದು ಹಾಕಿಸಿಕೊಂಡ ಮೇಲೆ ಚನ್ನವೀರಯ್ಯನವರ ಅಂಗೈ ಎಲೆಗೆ ಅಡ್ಡ ಬಂತು.

“ಏನ್ ಬೀಗ್ರೆ, ನಮ್ಮನೆ ಹೋಳಿಗೆ ಸೇರ್ತಿಲ್ವಾ?”

“ಹಂಗಲ್ಲ.”

“ಕೊಡೋ ಕೊಳ್ಳೋ ವಿಷಯ್ದಲ್ಲಿ ಏನಾದ್ರೂ ಬೇಜಾರಾ?”

ಬೀಗರ ಮನೆಯಲ್ಲಿ ಎಲೆಗೆ ಕೈ ಅಡ್ಡ ಇಟ್ಟರೆ ಅದಕ್ಕೆ ಹೊಟ್ಟೆ ತುಂಬಿದೆ ಎಂಬ ಅರ್ಥವೊಂದನ್ನು ಬಿಟ್ಟು ಮಿಕ್ಕ ಎಲ್ಲ ಅರ್ಥವೂ ಉಂಟು. ಎದುರಿಗೆ ಹೆಂಗಸರ ಸಾಲಿನಲ್ಲಿ ಗಂಗಾಂಬಿಕೆ ಊಟ ನಿಲ್ಲಿಸಿದ್ದರು. ಡಾಕ್ಟರು, ಪಿತ್ತ, ಸೋಮವಾರದ ವ್ರತ ಎಂದು ಮೂರು ನೆಪ ಚನ್ನವೀರಯ್ಯನವರ ನಾಲಗೆಯವರೆಗೆ ಬಂದವು. ಮೂರೂ ವಜಾದ ಬಾಬತ್ತುಗಳಂತೆಯೇ ಕಂಡವು.

“ಬೀಗ್ರೆ, ನಾನು ಕೂತರೆ ಏಳಕ್ಕಾಗ್ತಿಲ್ಲ. ನೀವೇ ನೋಡಿದೀರಿ. ಮದ್ವೆ ದಿನ ಬಟ್ಟಲು ಹಿಡ್ಕೊಂಡು ನಾನೇ ಏಳ್ಬೇಕು. ನನ್ ಮಗಳು ನೋಡ್ತಿರ್ತಾಳೆ.”

ಸದಾಶಿವಯ್ಯನವರು ಎತ್ತಿದ್ದ ಹೋಳಿಗೆಯನ್ನು ತಟ್ಟೆಗೆ ವಾಪಸು ಇಟ್ಟರು. ತಾತನ ಪದ್ಧತಿಯನ್ನು ಸಡಿಲಿಸುವ ಮಾತು ಅವರಿಂದ ಬರಲಿಲ್ಲ, ಇವರೂ ಕೇಳಲಿಲ್ಲ. “ಹಂಗಾದ್ರೆ ಬುಡಿ, ಒತ್ತಾಯ ಮಾಡಲ್ಲ,” ಎಂದು ಒಳಗೆ ಹೋದವರು, ಬೀಗರು ಬರಿ ಎಲೆ ನೋಡುತ್ತ ಕೂರಬಾರದೆಂದು ತುಪ್ಪದ ಗಿಂಡಿ ತಂದರು. ಅದಕ್ಕೂ ಕೈ ಅಡ್ಡ ಬಂತು. ತುಪ್ಪ ಬಿಸಿಯಿತ್ತು. ಕೈ ಅಲ್ಲೇ ಇತ್ತು.

ಮದುವೆ ತುಮಕೂರಿನ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಎಂಬತ್ತೇಳಕ್ಕೆ ಬಂದಿದ್ದ ಚನ್ನವೀರಯ್ಯನವರು ಮಡಿಯುಟ್ಟು ಸ್ವಾಮಿಗಳ ಎದುರು ನೆಲದ ಮೇಲೆ ಕೂತು, ಪಾದ ತೊಳೆದು, ವಿಭೂತಿ ಹಚ್ಚಿ, ಬಟ್ಟಲನ್ನು ಎರಡೂ ಕೈಗೆ ತೆಗೆದುಕೊಂಡರು. ಮಂಟಪದ ಅಂಚಿನಲ್ಲಿ ಪಾಷಾ ತಾವೇ ಬಟ್ಟಲು ಹಿಡಿದವರಂತೆ ನಿಂತಿದ್ದರು. ಅವರ ಹಿಂದೆ ಅದೇ ಇಬ್ಬರು ಹಮಾಲಿಗಳು, ಕರೆಯದೆ ಬಂದು, ಅಂಗಿಯ ತೋಳು ಮಡಿಸಿಕೊಂಡು ಸಿದ್ಧರಾಗಿದ್ದರು. ಪಾಷಾ ಅವರನ್ನು ಕಣ್ಣಿನಲ್ಲೇ ತಡೆದರು.

ಬಲಗಾಲು ಮುಂದೆ ಬಂತು. ಎಡಮಂಡಿ ನೆಲದಲ್ಲೇ ಉಳಿಯಿತು. ಅಲ್ಲಿಗೆ ಎಲ್ಲ ನಿಂತಿತು. ಬಟ್ಟಲಿನ ನೀರು ಅಂಚಿನವರೆಗೆ ಬಂದು ಹಿಂದೆ ಹೋಯಿತು. ವಾದ್ಯದವರು ಏಕೋ ನಿಧಾನಿಸಿದರು. ಚನ್ನವೀರಯ್ಯನವರು ಯಾರ ಕಡೆಯೂ ನೋಡದೆ ಅಂಗಡಿಯ ಕುರ್ಚಿಯನ್ನು ನೆನೆದರು. ಎಡಮಂಡಿ ಒಂದು ಸಲ ಚಟಕ್ಕೆಂದು, ನೆಲ ಬಿಟ್ಟಿತು. ಎದ್ದರು. ಸ್ವಲ್ಪ ನೀರು ಪಂಚೆಯ ಮೇಲೆ ಬಿತ್ತು, ನೆಲಕ್ಕೆ ಬೀಳಲಿಲ್ಲ. ನಾಲ್ಕು ಹೆಜ್ಜೆ ನಡೆದು ಬಟ್ಟಲನ್ನು ಮಗಳ ಮುಂದೆ ಹಿಡಿದರು.

ರೂಪಶ್ರೀ ಬಟ್ಟಲಿಗೆ ಕೈ ಚಾಚುವ ಮೊದಲು ಮೆಲ್ಲಗೆ ಅಂದಳು. “ಅಪ್ಪಾ, ಇನ್ನು ಉಸಿರು ಬಿಡಿ.”

ಮದುವೆ, ಬೀಗರೂಟ ಎಲ್ಲ ಕಳೆದ ಮೇಲಿನ ಸೋಮವಾರ ಪಾಷಾ ಮುಳ್ಳು ನೋಡಿ ಎಂಬತ್ತೊಂಬತ್ತು ಅಂದರು. ಚನ್ನವೀರಯ್ಯನವರ ಕೈ ಸೊಂಟದ ಬೀಗದಕೈ ಗೊಂಚಲಿನ ಮೇಲೆ ಹೋಯಿತು. ಎದೆಯ ಕರಡಿಗೆಯ ಮೇಲೂ ಹೋಯಿತು.

“ಏನಾದ್ರೂ ತೆಗೀಬೇಕಾ ಚನ್ನವೀರಣ್ಣ?”

“ಬೇಡ, ಇರಲಿ,” ಎಂದು ಅವರು ಹಲಗೆಯಿಂದ ಇಳಿದರು. ಆ ಹೊತ್ತಿಗೆ ಅಮೃತೂರಿನ ಕಡೆಯ ರೈತನೊಬ್ಬ ಚೀಲ ಇಳಿಸಿಕೊಂಡು ಕಾಯುತ್ತಿದ್ದ. ಅವನ ಚೀಲ ತಕ್ಕಡಿಗೆ ಏರಿತು. ಚನ್ನವೀರಯ್ಯನವರು ಗೋಣಿಗೆ, ತೇವಕ್ಕೆ ಎಂದು ಎಂದಿನಂತೆ ಶುರುಮಾಡಿ, ಕಸಕಡ್ಡಿಯ ಹತ್ತಿರ ಬಂದಾಗ ಯಾಕೋ ಒಂದು ಗಳಿಗೆ ತಡೆದರು. ಆಮೇಲೆ ಅದಕ್ಕೂ ವಜಾ ಮಾಡಿದರು, ಆದರೆ ಎಂದಿಗಿಂತ ಕಡಿಮೆ.