ಮೀಸೆ ಮೀನಿಗೆ ಹಾಸಿದ ಮರಳು

ಇದು ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ನಾಲ್ಕೈದು ಸಲ ಹೇಳಿದ್ದೇನೆ. ಪ್ರತಿ ಸಲವೂ ಅದರಲ್ಲಿ ನಾನು ಸ್ವಲ್ಪ ಹೆಚ್ಚು ಜಾಣನಾಗುತ್ತ ಬಂದಿದ್ದೇನೆ. ಹೆಂಡತಿ ಹೇಳಿದರೆ ನನ್ನ ಪಾತ್ರ ಕುಗ್ಗಿ ಅವಳಪ್ಪನ ಪಾತ್ರ ಬೆಳೆಯುತ್ತದೆ. ಇಬ್ಬರೂ ಒಪ್ಪುವುದು ಇಷ್ಟು ಮಾತ್ರ: ಮೀನುಗಳು ಅವಳವು, ಅವುಗಳ ಕೆಳಗೆ ಏನು ಹಾಸಬೇಕೆಂದು ತೀರ್ಮಾನಿಸಿದವನು ನಾನು.

ನಂಜನಗೂಡಿನ ಈ ಮನೆಗೆ ಬಂದ ವರ್ಷ ಅವಳು ಮೈಸೂರಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಮೂರು ಸಣ್ಣ ಮೀಸೆ ಮೀನುಗಳನ್ನೂ ತಂದಳು. ಹೈಸ್ಕೂಲಿನಲ್ಲಿ ಇಡೀ ದಿನ ಮಕ್ಕಳೊಡನೆ ಕೂಗಾಡಿ ಬರುವವಳು. "ಏನು ಹೇಳಿದ್ರೂ ಪುರಾವೆ ಕೇಳದೇ ಇರೋರು ಮನೇಲಿ ಒಬ್ರಾದ್ರೂ ಬೇಕು ಕಣ್ರೀ," ಎಂದಳು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಮೀನುಗಳು. ಬಾಯಿಯ ಎರಡೂ ಬದಿಗೆ ದಾರದೆಳೆಯಂಥ ಮೀಸೆ. ತಳವನ್ನು ಆ ಮೀಸೆಯಿಂದ ತಡಕಿಯೇ ಅವು ಊಟ ಹುಡುಕುತ್ತವೆ. ಮೀಸೆ ಹೋದರೆ ಮುಂದೆಯೇ ಬಿದ್ದ ಕಾಳೂ ಸಿಗುವುದು ಕಷ್ಟ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆಯಲ್ಲಿ ಇದನ್ನೆಲ್ಲ ಚಿತ್ರ ಸಮೇತ ಬರೆದು ನಾನು ಅಂಕ ಗಿಟ್ಟಿಸಿದ್ದೇನೆ.

ಆದ್ದರಿಂದ ತಳದ ಪ್ರಶ್ನೆ ನನ್ನದೆಂದೆ. ಅಂಗಡಿಯವನು ಕೊಟ್ಟಿದ್ದ ನೀಲಿ ಕಲ್ಲುಗಳನ್ನು ಬಣ್ಣ ಬಿಡುತ್ತವೆಂದು ತಿರಸ್ಕರಿಸಿದೆ. ಬಿಳಿ ಅಮೃತಶಿಲೆಯ ಚೂರುಗಳ ಮೇಲೆ ನಿಂಬೆಹಣ್ಣು ಹಿಂಡಿದೆ, ನೊರೆ ಬಂತು. ಅಂದರೆ ಅವು ಕರಗಿ ನೀರನ್ನು ಗಡುಸು ಮಾಡುತ್ತವೆ. ಅವೂ ಹೋದವು. ಹತ್ತು ನಿಮಿಷ ನಡೆದರೆ ಕಪಿಲೆ. ಆದರೆ ಸ್ನಾನಘಟ್ಟದ ಬಳಿಯ ಮರಳಿನಲ್ಲಿ ಸೋಪಿನ ಕಾಗದ, ಬಳೆಚೂರು, ಯಾರೋ ಬಿಟ್ಟುಹೋದ ಪಂಚೆ. ಹೀಗೆ ಮೂರು ವಾರ ಕಳೆದವು. ಮೀನುಗಳು ಪ್ಲಾಸ್ಟಿಕ್ ಟಬ್ಬಿನಲ್ಲಿ ನನ್ನ ಸಂಶೋಧನೆ ಮುಗಿಯುವುದನ್ನು ಕಾಯುತ್ತಿದ್ದವು.

ಕೊನೆಗೆ, ಎದುರು ಸೈಟಿನಲ್ಲಿ ಏಳುತ್ತಿದ್ದ ಮನೆಯ ಮುಂದೆ ರಾಶಿ ಬಿದ್ದಿದ್ದ ಎಂ-ಸ್ಯಾಂಡ್ ಕಣ್ಣಿಗೆ ಬಿತ್ತು. ಯಂತ್ರದಲ್ಲಿ ಕಲ್ಲು ಪುಡಿ ಮಾಡಿದ ಮರಳು. ಅದಕ್ಕಾಗಿ ಹೊಳೆ ಬಗೆಯಬೇಕಾಗಿಲ್ಲ, ಕಸವಿಲ್ಲ, ನಿಂಬೆರಸಕ್ಕೂ ಜಗ್ಗಲಿಲ್ಲ. ಮನೆ ಕಟ್ಟಿಸುವವರನ್ನು ಕೇಳಿ ಎರಡು ಬಕೆಟ್ ತಂದೆ.

ಮಗಳಿಂದ ಸುದ್ದಿ ತಿಳಿದು ಅವತ್ತೇ ಸಂಜೆ ತಿ. ನರಸೀಪುರದಿಂದ ಮಾವ ಫೋನು ಮಾಡಿದರು. ಬದುಕೆಲ್ಲ ಗಾರೆ ಮೇಸ್ತ್ರಿಯಾಗಿದ್ದವರು. "ಅಳಿಯಂದ್ರೇ, ನಮ್ಮನೆ ಕಟ್ದಾಗ ಉಳ್ದಿದ್ದ ಒಳೆ ಮರಳು ಇತ್ಲಲ್ಲಿ ಇನ್ನೂ ಒಂದ್ ಗುಡ್ಡೆ ಅದೆ. ತತ್ತೀನಿ ಇರಿ," ಎಂದರು.

"ಬೇಡಿ ಮಾವ, ಇದನ್ನ ವೈಜ್ಞಾನಿಕವಾಗಿ ನೋಡ್ಬೇಕಾಗ್ತದೆ," ಎಂದೆನಂತೆ. ಹಾಗೆ ಅಂದ ನೆನಪು ನನಗಿಲ್ಲ. ಅನ್ನುವಂಥವನೇ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಎಂ-ಸ್ಯಾಂಡನ್ನು ತೊಳೆದಷ್ಟೂ ಬೂದು ಹಾಲಿನಂಥ ನೀರು ಬರುತ್ತಿತ್ತು. ಸೊಂಟ ಹಿಡಿದುಕೊಂಡ ಮೇಲೆ, ಈಗ ತಿಳಿಯಾಗಿದೆ ಎಂದು ಘೋಷಿಸಿದೆ. ಮೀನುಗಳನ್ನು ಬಿಟ್ಟ ದಿನ ಅವು ಮೂತಿ ಊರಿ ಓಡಾಡಿದವು. ಎರಡು ಮೂರು ವಾರಗಳಲ್ಲಿ ಓಡಾಟ ಕಡಿಮೆಯಾಗಿ, ಮೂರೂ ಒಂದು ಮೂಲೆ ಹಿಡಿದವು. ಹೊಂದಿಕೊಳ್ಳುತ್ತಿವೆ ಎಂದೆ.

"ರೀ, ಮೀಸೆ ಮೊಂಡಾಗಿದೆ ನೋಡಿ," ಎಂದಳು ಹೆಂಡತಿ.

"ನೀರೊಳಗೆ ಬೆಳಕು ಬಾಗುತ್ತೆ. ಹಾಗೆ ಕಾಣುತ್ತೆ."

"ಹೋದ ತಿಂಗಳು ಬಾಗ್ತಿರಲಿಲ್ವಾ ಬೆಳಕು?"

ತಟ್ಟೆಯ ಊಟ ಬಿಟ್ಟು ಅವಳು ತೊಟ್ಟಿಯ ಮುಂದೆ ಕೂರುತ್ತಿದ್ದಳು. ಹಾಕಿದ ಕಾಳು ಹಾಕಿದಲ್ಲೇ ಕೊಳೆಯುತ್ತಿತ್ತು; ಮೀನುಗಳು ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಅವಳು ಅಪ್ಪನಿಗೆ ಫೋನು ಮಾಡಿದಳು.

ಮರುದಿನವೇ ಬಂದ ಮಾವ ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದರು. ಕಿವಿಯ ಹತ್ತಿರ ಹಿಡಿದು ಹೊಸಕಿ ಸದ್ದು ಕೇಳಿದರು. ಆಮೇಲೆ ಅದನ್ನು ನನ್ನ ಕೆನ್ನೆಗೆ ಉಜ್ಜಿದರು. ಉಜ್ಜಿದ್ದು ಮುಂಗೈಗೆ ಎನ್ನುತ್ತಾಳೆ ಹೆಂಡತಿ. ಕೆನ್ನೆ ಉರಿದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ನಾಚಿಕೆಯಾದರೂ ಕೆನ್ನೆ ಉರಿಯುತ್ತದೆ, ಹಾಗಾಗಿ ನನ್ನ ಸಾಕ್ಷಿ ನಿಲ್ಲುವುದಿಲ್ಲ.

"ಎಂಗದೆ?"

"ಚುಚ್ಚುತ್ತೆ ಮಾವ."

"ಕಲ್ಲು ಒಡ್ದು ಮಾಡಿದ್ದಲ್ವಾ, ಮೂಲೆ ಮೂಲೆ ಇರ್ತದೆ. ಅದ್ಕೇ ಸಿಮೆಂಟ್‌ಗೆ ಬಲವಾಗಿ ಇಡ್ಕತದೆ. ಒಳೆ ಮರಳು ನೀರಲ್ಲಿ ಉಳ್ಳಾಡಿ ಉಳ್ಳಾಡಿ ನುಣ್ಗಾಗಿರ್ತದೆ. ಗೋಡೆಗೆ ಆಕೋದ ಮೂತಿ ಉಜ್ಜೋ ಜೀವಕ್ಕೆ ಆಕ್‌ಬುಟ್ಟಿದ್ದೀರಲ್ಲ!"

"ಅವರು ಎಂ.ಎಸ್ಸಿ. ಓದಿದ್ದಾರೆ ಅಪ್ಪ," ಎಂದಳು ಹೆಂಡತಿ.

"ಅವ್ರು ಓದವ್ರೆ ಕಣವ್ವ. ಮೀನು ಓದಿಲ್ವಲ್ಲ."

ಭಾನುವಾರ ಅವರು ಅಕ್ಕಿ ಚೀಲದಲ್ಲಿ ಮರಳು ತುಂಬಿಕೊಂಡು ಬಸ್ಸಿನಲ್ಲಿ ಬಂದರು. "ಕಂಡಕ್ಟ್ರು ಕೇಳ್ದ, ಏನ್ ಯಜಮಾನ್ರೇ, ಸಂಗಮದ ಮರಳಾ, ಪೂಜೆಗಾ ಅಂತ. ಊಂ ಕಣಪ್ಪ, ನಮ್ಮ ಅಳಿಯಂದ್ರ ಮನೆ ದೇವ್ರು ಮರಳ್ ಮೇಲೇ ಮಲ್ಗೋದು ಅಂದೆ." ಜರಡಿ ಹಿಡಿದು, ಹಿತ್ತಲಿನ ಎಲೆಕಡ್ಡಿ ಆರಿಸಿ, ನಾಲ್ಕು ನೀರಿನಲ್ಲಿ ತೊಳೆದದ್ದಕ್ಕೇ ತಿಳಿಯಾಯಿತು. ಹಳೆಯದನ್ನು ತೆಗೆದು ಇದನ್ನು ಹಾಸಿ ಮೀನುಗಳನ್ನು ಬಿಟ್ಟ ಒಡನೆ ಒಂದು ಮೀನು ಕಣ್ಣಿನವರೆಗೂ ಮರಳಿನಲ್ಲಿ ಮೂತಿ ತೂರಿಸಿತು. ಹೆಂಡತಿ ಗಾಜಿಗೆ ಹಣೆ ಒತ್ತಿ ಕೂತಳು. ನಾನು ಅಲ್ಲಿಂದ ಎದ್ದುಹೋದೆ.

ಆದರೂ ನನ್ನ ಅನುಮಾನ ಸತ್ತಿರಲಿಲ್ಲ. ಚೂಪು ಮರಳಿನಿಂದ ಮೀಸೆ ಸವೆಯುತ್ತದೆ ಎಂದು ಮೀನು ಸಾಕುವ ಕೆಲವರು ಇಂಟರ್‌ನೆಟ್ಟಿನಲ್ಲಿ ಬರೆದಿದ್ದರು. ಅಲ್ಲ, ತಳದಲ್ಲಿ ಕೊಳೆತ ಆಹಾರವೇ ಕಾರಣ ಎಂದು ಇನ್ನು ಕೆಲವರು. ಮರಳು ಬದಲಾದ ವಾರವೇ ನೀರು ಬದಲಿಸುವ ಕೆಲಸವನ್ನೂ ಅವಳು ನನ್ನಿಂದ ಕಿತ್ತುಕೊಂಡಿದ್ದಳು. ಯಾವುದರಿಂದ ಏನಾಯಿತೆಂದು ತಿಳಿಯುವುದು ಹೇಗೆ? ಒಂದು ಮೀನನ್ನು ಹೋಲಿಕೆಗೆಂದು ಎಂ-ಸ್ಯಾಂಡಿನಲ್ಲೇ ಇಡೋಣ ಎಂದೆ.

"ಮೊದ್ಲು ನೀವು ಒಂದ್ ತಿಂಗಳು ಅದ್ರಲ್ಲಿ ಮೂತಿ ಉಜ್ಕೊಂಡಿರಿ," ಎಂದಳು. "ಆಮೇಲೆ ಮೀನಿನ ವಿಷ್ಯ ಮಾತಾಡೋಣ."

ಪ್ರಯೋಗ ಅಲ್ಲಿಗೇ ನಿಂತಿತು. ಕಾರಣ ಮರಳೋ ಕೊಳೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೀಸೆ ಬೆಳೆಯುತ್ತಿದೆ ಎಂದು ಅವಳು ಹೇಳುತ್ತಲೇ ಇದ್ದಳು. ಆಸೆಯ ಕಣ್ಣು ಎಂದುಕೊಂಡೆ. ಕೆಲವು ತಿಂಗಳ ಮೇಲೆ ಕಾಲೇಜಿನ ಲ್ಯಾಬಿನಿಂದ ಭೂತಗನ್ನಡಿ ತಂದು, ಮೀನು ಕೊಂಡ ದಿನ ಅವಳು ತೆಗೆದಿದ್ದ ಫೋಟೋಗಳನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದನ್ನೇ ನೋಡಿದೆ. ಎರಡು ಮೀನುಗಳ ಮೀಸೆ ಮೊದಲಿನಷ್ಟೇ ಉದ್ದ ಬಂದಿದೆ. ಮೂರನೆಯದರ ಎಡಗಡೆಯದು ಬಂದಿಲ್ಲ.